‘ನಾನು ಸತ್ತೆ’ ಅನ್ನಿಸುವ ಮಾಧ್ಯಮ: ವಿಡಿಯೊ ಗೇಮ್ ಯಾಕೆ ಹಿಡಿದಿಡುತ್ತದೆ

ಸಿನಿಮಾ ನೋಡಿ ಬಂದವರು “ಹೀರೊ ಮೇಲಿಂದ ಬಿದ್ದ” ಅನ್ನುತ್ತಾರೆ. ಕಾದಂಬರಿ ಓದಿದವರೂ ಪಾತ್ರದ ಹೆಸರು ಹಿಡಿದೇ ಮಾತಾಡುತ್ತಾರೆ. ಆದರೆ ಫೋನಿನಲ್ಲಿ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಎಂಬ ಶೂಟಿಂಗ್ ಗೇಮ್ ಆಡುತ್ತಿರುವ ಹುಡುಗರ ಮಾತು ಕೇಳಿಸಿಕೊಳ್ಳಿ: “ಲೋ, ನಾನು ನಾಕ್ ಆದೆ ಕಣೋ, ಬೇಗ ಬಂದು ರಿವೈವ್ ಮಾಡು.” ಅಂದರೆ ಗುಂಡು ತಾಗಿ ಬಿದ್ದಿದ್ದೇನೆ, ಬಂದು ಎಬ್ಬಿಸು. “ನಾನು ಸತ್ತೆ, ನೀನು ಓಡು.” ಸ್ಕ್ರೀನ್ ಮೇಲಿರುವವನಿಗೆ ಬೇರೆಯದೇ ಮುಖ ಇದೆ, ಬೇರೆಯದೇ ವೇಷ ಇದೆ. ಆದರೂ ಯಾರೂ “ಅವನು ಸತ್ತ” ಅನ್ನುವುದಿಲ್ಲ. ಯಾರೂ ಹೇಳಿಕೊಡದೆ ನಾಲಿಗೆಗೆ ಬರುವ ಈ ಉತ್ತಮ ಪುರುಷ ಪ್ರಯೋಗದಲ್ಲೇ, ವಿಡಿಯೊ ಗೇಮ್ ಯಾಕೆ ಹಿಡಿದಿಡುತ್ತದೆ ಅನ್ನುವ ನಮ್ಮ ಪ್ರಶ್ನೆಯ ಅರ್ಧ ಉತ್ತರ ಇದೆ.

ಗೇಮಿನತ್ತ ಎಳೆಯುವುದು ಅದರ ಬಣ್ಣ, ಸದ್ದು, ಹೊಡೆದಾಟ ಎಂದು ಹೊರಗಿನಿಂದ ನೋಡುವವರಿಗೆ ಅನ್ನಿಸುತ್ತದೆ. ಬಣ್ಣ, ಸದ್ದು ಸಿನಿಮಾದಲ್ಲಿ ಇನ್ನೂ ಜೋರಾಗಿವೆ. ಸಿನಿಮಾದಲ್ಲಿ ಇಲ್ಲದ್ದು ಮರುಮಾತು. ನೀವು ಏನೋ ಮಾಡುತ್ತೀರಿ, ಗೇಮ್ ತಕ್ಷಣ ಅದಕ್ಕೆ ಉತ್ತರ ಕೊಡುತ್ತದೆ. ಆ ಉತ್ತರ ಸರಿಯೋ ತಪ್ಪೋ ಅನ್ನುವುದರ ಮೇಲೆ ನಿಮ್ಮ ಮುಂದಿನ ನಡೆ ನಿಂತಿರುತ್ತದೆ. ಕಬಡ್ಡಿ ನೋಡುವುದಕ್ಕೂ ಅಂಕಣಕ್ಕಿಳಿದು ಉಸಿರು ಕಟ್ಟಿ ‘ಕಬಡ್ಡಿ ಕಬಡ್ಡಿ’ ಅನ್ನುವುದಕ್ಕೂ ಇರುವ ವ್ಯತ್ಯಾಸ ಇದು. ಈ ಮರುಮಾತು ಹೇಗೆ ತಯಾರಾಗುತ್ತದೆ, ಎಲ್ಲಿ ಕೆಡುತ್ತದೆ ಅನ್ನುವುದನ್ನು ಬಿಡಿಸಿ ನೋಡಿದರೆ ಆಕರ್ಷಣೆಯ ಗುಟ್ಟು ಬಹುಪಾಲು ಸಿಗುತ್ತದೆ.

ಒಂದು ಜಿಗಿತದ ಒಳಗೆ

1985ರ ಸೆಪ್ಟೆಂಬರ್‌ನಲ್ಲಿ ಜಪಾನಿನ ನಿಂಟೆಂಡೊ ಕಂಪನಿ ‘ಸೂಪರ್ ಮಾರಿಯೋ ಬ್ರದರ್ಸ್’ ಬಿಡುಗಡೆ ಮಾಡಿತು. 90ರ ದಶಕದಲ್ಲಿ ಟಿವಿಗೆ ಜೋಡಿಸಿ ಕ್ಯಾಸೆಟ್ ಹಾಕಿ ಆಡುತ್ತಿದ್ದ ‘ಟಿವಿ ಗೇಮ್’ ನೆನಪಿರುವವರಿಗೆಲ್ಲ ಮೀಸೆಯ ಮಾರಿಯೋ ಗೊತ್ತು. ಇಡೀ ಆಟದ ಗಾತ್ರ 40 ಕಿಲೋಬೈಟ್. ಇವತ್ತು ವಾಟ್ಸ್ಯಾಪ್‌ನಲ್ಲಿ ಬರುವ ಒಂದು ‘ಶುಭೋದಯ’ ಚಿತ್ರ ಕೂಡ ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದಿರುತ್ತದೆ. ಇಷ್ಟು ಚಿಕ್ಕ ಆಟದ ಜಿಗಿತವನ್ನು ಇಂದಿಗೂ ಗೇಮ್ ಮಾಡುವವರು ಕೂತು ಅಭ್ಯಾಸ ಮಾಡುತ್ತಾರೆ.

ಆ ಆಟ ಓಡುವ ನಿಂಟೆಂಡೊದ ಟಿವಿ ಗೇಮ್ ಯಂತ್ರ ಸೆಕೆಂಡಿಗೆ 60 ಚಿತ್ರ ಬರೆಯುತ್ತದೆ. ಅಂದರೆ ಒಂದು ಚಿತ್ರಕ್ಕೆ, ಗೇಮಿನವರ ಮಾತಲ್ಲಿ ಒಂದು ಫ್ರೇಮಿಗೆ, ಸಿಗುವ ಸಮಯ 16.7 ಮಿಲಿಸೆಕೆಂಡು. ಅಷ್ಟರೊಳಗೆ ಅದು ನಾಲ್ಕು ಕೆಲಸ ಮುಗಿಸಬೇಕು: ಯಾವ ಬಟನ್ ಒತ್ತಿದೆ ಎಂದು ನೋಡಬೇಕು, ಮಾರಿಯೋನ ವೇಗ ಮತ್ತು ಜಾಗದ ಲೆಕ್ಕ ಹಾಕಬೇಕು, ಅವನು ಯಾವುದಕ್ಕಾದರೂ ತಗುಲಿದನೇ ಎಂದು ಪರೀಕ್ಷಿಸಬೇಕು, ಕೊನೆಗೆ ಚಿತ್ರ ಬರೆಯಬೇಕು. ಮತ್ತೆ ಮೊದಲಿನಿಂದ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ, ಆದರೆ ಆ 24ನ್ನೂ ಯಾರೋ ಎಂದೋ ಚಿತ್ರೀಕರಿಸಿ ಮುಗಿಸಿದ್ದಾರೆ. ಇಲ್ಲಿ ಮುಂದಿನ ಫ್ರೇಮ್ ಇನ್ನೂ ಹುಟ್ಟಿಲ್ಲ. ಅದು ಹುಟ್ಟುವ ಮುಂಚೆ ನಿಮ್ಮ ಹೆಬ್ಬೆರಳನ್ನು ಕೇಳಲಾಗುತ್ತದೆ.

ಜಿಗಿತದ ಬಟನ್ ತಟ್ಟಿ ಬಿಟ್ಟರೆ ಮಾರಿಯೋ ಸ್ವಲ್ಪ ಎಗರುತ್ತಾನೆ. ಒತ್ತಿ ಹಿಡಿದರೆ ಎತ್ತರಕ್ಕೆ ಹೋಗುತ್ತಾನೆ. ಬಟನ್ ಹಿಡಿದಿರುವವರೆಗೆ ಮೇಲೇರುವ ಮಾರಿಯೋನ ಮೇಲೆ ಗುರುತ್ವ ಕಡಿಮೆ ಎಂದು ಲೆಕ್ಕ ಹಾಕಿರುವುದರಿಂದ ಹೀಗಾಗುತ್ತದೆ. ಓಡಿ ಬಂದು ಜಿಗಿದರೆ ಇನ್ನೂ ದೂರ. ಗಾಳಿಯಲ್ಲಿದ್ದಾಗಲೂ ಎಡಕ್ಕೋ ಬಲಕ್ಕೋ ವಾಲಿಸಬಹುದು. ನಿಜವಾದ ದೇಹಕ್ಕೆ ಇದು ಸಾಧ್ಯವಿಲ್ಲ. ಇದೇ ಕಂಪನಿಯ 1981ರ ‘ಡಾಂಕಿ ಕಾಂಗ್’ನಲ್ಲಿ ಜಿಗಿದ ಮೇಲೆ ದಿಕ್ಕು ಬದಲಿಸಲು ಬರುತ್ತಿರಲಿಲ್ಲ, ಕಲ್ಲೆಸೆದಂತೆ ಹೋಗಿ ಬೀಳಬೇಕು. ನಾಲ್ಕೇ ವರ್ಷದಲ್ಲಿ ಆದ ಈ ಬದಲಾವಣೆ ದೊಡ್ಡದು. ಜಿಗಿತ ಮುಗಿಯುವವರೆಗೂ ಅದು ಆಡುವವರ ಕೈಯಲ್ಲೇ ಉಳಿಯಿತು. ತಪ್ಪು ಅಂದಾಜನ್ನು ನಡುಗಾಳಿಯಲ್ಲಿ ತಿದ್ದಿಕೊಂಡು ಹಂಚಿನ ಅಂಚಿಗೆ ಕಾಲೂರಿದಾಗ ಆಗುವ ಸಮಾಧಾನ ಬೇರೊಬ್ಬರು ಜಿಗಿಯುವುದನ್ನು ನೋಡಿ ಬರುವಂಥದ್ದಲ್ಲ.

ಇದು ಕೆಡುವುದು ಎಲ್ಲಿ? ಹೆಚ್ಚಾಗಿ ಸಮಯದಲ್ಲಿ. ಕಣ್ಣಿಗೆ ಕಂಡದ್ದಕ್ಕೆ ಬೆರಳು ಪ್ರತಿಕ್ರಿಯಿಸಲು ಆರೋಗ್ಯವಂತರಿಗೆ ಸುಮಾರು 200ರಿಂದ 250 ಮಿಲಿಸೆಕೆಂಡು ಬೇಕು. ಅದರ ಮೇಲೆ ಟಿವಿ ಚಿತ್ರವನ್ನು ‘ಚಂದ’ ಮಾಡಲು ಹೋಗಿ ಇನ್ನಷ್ಟು ತಡ ಮಾಡಿದರೆ, ನೀವು ನೋಡುತ್ತಿರುವುದು ಹಳೆಯ ಸುದ್ದಿ. ಅಂಚು ಬಂತೆಂದು ಒತ್ತುವಷ್ಟರಲ್ಲಿ ಮಾರಿಯೋ ಗುಂಡಿಯಲ್ಲಿ. ಇದಕ್ಕೇ ಇಂದಿನ ಟಿವಿಗಳ ಪಿಕ್ಚರ್ ಸೆಟ್ಟಿಂಗ್‌ನಲ್ಲಿ ‘ಗೇಮ್ ಮೋಡ್’ ಇರುವುದು. ಅದನ್ನು ಆನ್ ಮಾಡಿದರೆ ಚಿತ್ರದ ಸಿಂಗಾರ ಕಡಿಮೆಯಾಗಿ ಉತ್ತರ ಬೇಗ ಬರುತ್ತದೆ. ಬ್ಲೂಟೂತ್ ಇಯರ್‌ಫೋನಿನದೂ ಇದೇ ಕಥೆ: ಸದ್ದು 100–200 ಮಿಲಿಸೆಕೆಂಡು ಹಿಂದೆ ಬೀಳುವುದು ಸಾಮಾನ್ಯ. ಹಾಡು ಕೇಳಲು ಅಡ್ಡಿಯಿಲ್ಲ, ಆಡಲು ವೈರ್ ಇರುವುದೇ ವಾಸಿ. “ಈ ಗೇಮ್ ಯಾಕೋ ಕೈಗೆ ಕೂರುತ್ತಿಲ್ಲ” ಎಂದು ಬಿಟ್ಟವರಲ್ಲಿ ಎಷ್ಟೋ ಜನ ಬಿಟ್ಟದ್ದು ಆಟವನ್ನಲ್ಲ, ಟಿವಿಯ ತಪ್ಪು ಸೆಟ್ಟಿಂಗನ್ನು.

ಯಂತ್ರ ಸರಿಯಾಗಿದ್ದರೂ ಮನುಷ್ಯ ತಡ ಮಾಡುತ್ತಾನೆ. ಹಾಗಾಗಿ ಒಳ್ಳೆಯ ಗೇಮುಗಳು ಕದ್ದು ಸಹಾಯ ಮಾಡುತ್ತವೆ. 2018ರ ಜನವರಿಯಲ್ಲಿ ಬಂದ ‘ಸೆಲೆಸ್ಟ್’ ಅನ್ನುವ ಆಟ ಇದಕ್ಕೆ ಪಾಠದಂತಿದೆ. ಅದರಲ್ಲಿ ಮ್ಯಾಡಲಿನ್ ಎಂಬ ಹುಡುಗಿ ಬೆಟ್ಟ ಹತ್ತುತ್ತಾಳೆ. ಆಟ ಬಹಳ ಕಠಿಣ. ಆದರೆ ಅವಳು ಅಂಚು ದಾಟಿ ಗಾಳಿಯಲ್ಲಿ ಕಾಲಿಟ್ಟ ಮೇಲೂ 0.1 ಸೆಕೆಂಡು, ಅಂದರೆ 6 ಫ್ರೇಮ್, ಜಿಗಿಯಲು ಅವಕಾಶ ಇರುತ್ತದೆ. ಗೇಮ್ ಮಾಡುವವರು ಇದಕ್ಕೆ ‘ಕಯೋಟಿ ಟೈಮ್’ ಅನ್ನುತ್ತಾರೆ. ಕಾರ್ಟೂನಿನ ಕಯೋಟಿ (ತೋಳದಂಥ ಪ್ರಾಣಿ) ಕಣಿವೆ ದಾಟಿ ಗಾಳಿಯಲ್ಲಿ ಓಡಿ, ಕೆಳಗೆ ನೋಡಿದ ಮೇಲಷ್ಟೇ ಬೀಳುವುದನ್ನು ನೋಡಿದವರಿಗೆ ಹೆಸರಿನ ಮೂಲ ತಿಳಿಯುತ್ತದೆ. ನೆಲ ಮುಟ್ಟುವ ಸ್ವಲ್ಪ ಮುಂಚೆಯೇ ಬಟನ್ ಒತ್ತಿದರೂ ಆಟ ಅದನ್ನು ನೆನಪಿಟ್ಟುಕೊಂಡು, ಕಾಲು ತಾಗಿದ ಕೂಡಲೇ ಜಿಗಿಸುತ್ತದೆ. ತಲೆ ಮೂಲೆಗೆ ಬಡಿಯುವಂತಿದ್ದರೆ ನಾಲ್ಕು ಪಿಕ್ಸೆಲ್‌ವರೆಗೆ ಪಕ್ಕಕ್ಕೆ ಸರಿಸಿ ದಾರಿ ಬಿಡುತ್ತದೆ.

ಇದು ಮೋಸವಲ್ಲವೇ ಎಂದು ಕೇಳಬಹುದು. ನಮ್ಮ ಅಭಿಪ್ರಾಯದಲ್ಲಿ ಇದು ನ್ಯಾಯ. ಆಡುವವರು ಏನು ಮಾಡಬೇಕೆಂದುಕೊಂಡರೋ ಅದಕ್ಕೆ ಆಟ ಬೆಲೆ ಕೊಡುತ್ತಿದೆ. ಈ ಸಹಾಯ ತೆಗೆದರೆ “ನಾನು ಒತ್ತಿದ್ದೆ, ಇದು ಜಿಗಿಯಲಿಲ್ಲ” ಎಂಬ ದೂರು ಹುಟ್ಟುತ್ತದೆ. ಆ ಕ್ಷಣ ಮಾರಿಯೋ ಆಗಲಿ ಮ್ಯಾಡಲಿನ್ ಆಗಲಿ ‘ನಾನು’ ಆಗಿ ಉಳಿಯುವುದಿಲ್ಲ, ‘ಇದು’ ಆಗುತ್ತದೆ. ಉತ್ತಮ ಪುರುಷ ಕಳಚಿಬಿದ್ದರೆ ಗೇಮಿನ ಹಿಡಿತವೂ ಕಳಚಿತು.

ಮಾತಿಲ್ಲದ ಮೇಷ್ಟ್ರು

ಮಾರಿಯೋದ ಮೊದಲ ಹಂತವನ್ನು ನಿಧಾನವಾಗಿ ನೋಡಿ. ಆಟ ಶುರುವಾದಾಗ ಅವನು ಎಡಗಡೆ ಬಲಕ್ಕೆ ಮುಖ ಮಾಡಿ ನಿಂತಿದ್ದಾನೆ, ಬಲಕ್ಕೆ ಖಾಲಿ ಜಾಗ. ಎತ್ತ ಹೋಗಬೇಕೆಂದು ಯಾರೂ ಬರೆದಿಲ್ಲ, ಬರೆಯುವ ಅಗತ್ಯವೂ ಇಲ್ಲ. ನಾಲ್ಕು ಹೆಜ್ಜೆ ಹೋದರೆ ಅಣಬೆಯಾಕಾರದ ಗೂಂಬಾ ಎದುರಿಗೆ ಬರುತ್ತದೆ. ಸುಮ್ಮನಿದ್ದರೆ ಅದು ತಾಗಿ ಸಾಯುತ್ತೀರಿ. ಶುರುವಾಗಿ ಕೆಲವೇ ಸೆಕೆಂಡು ಆಗಿರುವುದರಿಂದ ಕಳೆದುಕೊಂಡದ್ದು ಏನೂ ಇಲ್ಲ, ‘ಇದನ್ನು ಮುಟ್ಟಬಾರದು’ ಎಂಬ ಪಾಠ ಸಿಕ್ಕಿತು. ಮುಂದಿನ ಸಲ ಜಿಗಿದು ಅದರ ತಲೆ ಮೇಲೆ ಬಿದ್ದರೆ ಅದು ಚಪ್ಪಟೆ: ಎರಡನೆಯ ಪಾಠ. ಪ್ರಶ್ನೆ ಚಿಹ್ನೆಯ ಇಟ್ಟಿಗೆಗೆ ತಲೆ ಕುಟ್ಟಿದರೆ ಒಂದು ಅಣಬೆ ಹೊರಬಂದು ಬಲಕ್ಕೆ ಉರುಳಿ, ಕೆಳಗೆ ಬಿದ್ದು, ಹಸಿರು ಪೈಪಿಗೆ ತಾಗಿ ನಿಮ್ಮ ಕಡೆಗೇ ತಿರುಗುತ್ತದೆ. ಗೂಂಬಾದ ಹೆದರಿಕೆಯಲ್ಲಿ ಇದರಿಂದಲೂ ತಪ್ಪಿಸಿಕೊಳ್ಳಲು ಜಿಗಿದರೆ ಮೇಲಿನ ಇಟ್ಟಿಗೆಗೆ ತಲೆ ಬಡಿದು ಅದರ ಮೇಲೇ ಬೀಳುವ ಸಾಧ್ಯತೆ ಹೆಚ್ಚು. ಬಿದ್ದರೆ ಮಾರಿಯೋ ದೊಡ್ಡವನಾಗುತ್ತಾನೆ! ಬೇಡವೆಂದರೂ ಒಳ್ಳೆಯದು ಬಂದು ತಾಗುವಂತೆ ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಆ ಜಾಗವನ್ನು ಅಳೆದು ಕಟ್ಟಿದ್ದಾರೆ.

ಹಂತದ ಕೊನೆಯ ಭಾಗದಲ್ಲಿ ಎರಡು ಮೆಟ್ಟಿಲುಗಳು ಎದುರುಬದುರು ನಿಂತಿವೆ, ನಡುವೆ ನೆಲ ಇದೆ. ಜಿಗಿತ ತಪ್ಪಿದರೆ ಕೆಳಗೆ ಬಿದ್ದು ಮತ್ತೆ ಹತ್ತಬಹುದು. ಅದರ ಮುಂದೆಯೇ ಇನ್ನೊಂದು ಅಂಥದೇ ಜೋಡಿ, ಆದರೆ ನಡುವೆ ಗುಂಡಿ. ಮೊದಲನೆಯದು ಅಭ್ಯಾಸ, ಎರಡನೆಯದು ಪರೀಕ್ಷೆ. ಈಜು ಕಲಿಸುವವರು ಮೊದಲು ಸೊಂಟದ ಮಟ್ಟದ ನೀರಲ್ಲಿ ಬಿಡುವ ಹಾಗೆ.

ಬೇರೆ ಮಾಧ್ಯಮಗಳಿಗಿಂತ ಗೇಮ್ ಬೇರೆಯಾಗುವ ಮುಖ್ಯ ತಿರುವು ಇಲ್ಲಿದೆ. ನಿಮಗೆ ಅರ್ಥವಾಗಲಿ ಬಿಡಲಿ ಸಿನಿಮಾ ಮುಂದೆ ಓಡುತ್ತದೆ. ಪುಸ್ತಕ ಕಾಯುತ್ತದೆ ನಿಜ, ಆದರೆ 50ನೇ ಪುಟ ತಿಳಿಯದಿದ್ದರೂ 51ಕ್ಕೆ ಹೋಗಲು ತಡೆಯುವುದಿಲ್ಲ. ಗೇಮ್ ತಡೆಯುತ್ತದೆ. ಆ ಗುಂಡಿ ದಾಟದೆ ಮುಂದಿಲ್ಲ. ಹಾಗಾಗಿ ಮುಂದೆ ಹೋದವರಿಗೆ ‘ನನಗೆ ಇದು ಬರುತ್ತದೆ’ ಅನ್ನುವುದಕ್ಕೆ ಪುರಾವೆ ಸಿಕ್ಕಂತೆ. ದಿನವಿಡೀ ದುಡಿದರೂ ‘ಇವತ್ತು ನಾನು ಏನು ಕಲಿತೆ, ಎಷ್ಟು ಸುಧಾರಿಸಿದೆ’ ಎಂದು ತಿಳಿಯದ ಕೆಲಸಗಳೇ ಲೋಕದಲ್ಲಿ ಹೆಚ್ಚು. ಅರ್ಧ ಗಂಟೆಯಲ್ಲಿ ಅದನ್ನು ಕಣ್ಣೆದುರು ತೋರಿಸುವ ವಸ್ತುವಿಗೆ ಜನ ಒಲಿಯುವುದರಲ್ಲಿ ಆಶ್ಚರ್ಯ ಇಲ್ಲ. 2006ರಲ್ಲಿ ರಿಚರ್ಡ್ ರಯಾನ್, ಸ್ಕಾಟ್ ರಿಗ್ಬಿ, ಆಂಡ್ರ್ಯೂ ಪ್ರಿಬಿಲ್ಸ್ಕಿ ಎಂಬ ಮನೋವಿಜ್ಞಾನಿಗಳು ಆಟಗಾರರನ್ನು ಅಧ್ಯಯನ ಮಾಡಿ ಈ ಸೆಳೆತವನ್ನು ಮೂರು ಹಸಿವುಗಳಿಗೆ ಜೋಡಿಸಿದರು: ನನಗೆ ಬರುತ್ತದೆ ಅನ್ನಿಸುವುದು, ನಾನೇ ಆರಿಸಿಕೊಂಡೆ ಅನ್ನಿಸುವುದು, ನನ್ನವರು ಅನ್ನುವವರು ಇದ್ದಾರೆ ಅನ್ನಿಸುವುದು. ಮೊದಲನೆಯದನ್ನು ಮಾರಿಯೋದಲ್ಲಿ ನೋಡಿದೆವು.

ಸೋಲು ಹಿತವಾಗಬೇಕಾದರೆ ಅದು ಅಗ್ಗವಾಗಿರಬೇಕು. ಸೆಲೆಸ್ಟ್‌ನಲ್ಲಿ ಸತ್ತರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದೇ ಕೋಣೆಯ ಬಾಗಿಲಲ್ಲಿ ನಿಂತಿರುತ್ತೀರಿ. ನೂರು ಸಲ ಸತ್ತರೂ ಬೇಸರ ಬರುವುದಿಲ್ಲ, ಏಕೆಂದರೆ ಪ್ರತಿ ಸಾವಿಗೂ ಕಾರಣ ಕಾಣುತ್ತದೆ. ನೀವು ಸತ್ತಾಗಲೆಲ್ಲ ಅದೇ ಆಟ 20 ಸೆಕೆಂಡು ಲೋಡ್ ಆಗುತ್ತಾ ಕೂತಿದ್ದರೆ ನೂರು ಸಾವಿಗೆ ಅರ್ಧ ಗಂಟೆಗೂ ಹೆಚ್ಚು ಕಾಯುವುದರಲ್ಲೇ ಹೋಗುತ್ತಿತ್ತು. ಕಷ್ಟದ ಮಟ್ಟ ಇನ್ನೊಂದು ತೊಡಕು. ತೀರಾ ಸುಲಭವಾದರೆ ಆಕಳಿಕೆ, ತೀರಾ ಕಷ್ಟವಾದರೆ ಸಿಟ್ಟು. 2005ರ ‘ರೆಸಿಡೆಂಟ್ ಈವಿಲ್ 4’ ನೀವು ಪದೇಪದೇ ಸೋಲುತ್ತಿದ್ದರೆ ಹೇಳದೆ ಕೇಳದೆ ಶತ್ರುಗಳ ಬಲ ತಗ್ಗಿಸುತ್ತದೆ, ಚೆನ್ನಾಗಿ ಆಡಿದರೆ ಏರಿಸುತ್ತದೆ. ಓದುಗರು ಸುಸ್ತಾದರೆಂದು ವಾಕ್ಯ ಸರಳ ಮಾಡಿಕೊಳ್ಳುವ ಪುಸ್ತಕ ಇಲ್ಲ.

ಗರ ಬಿದ್ದ ಮೇಲೆ ಯಾವ ಕಾಯಿ?

ಆಯ್ಕೆಯ ಸುಖ ತಿಳಿಯಲು ಕಂಪ್ಯೂಟರೇ ಬೇಕಿಲ್ಲ. ಹಾವು ಏಣಿ ಆಟದಲ್ಲಿ ದಾಳ ಹೇಳಿದಷ್ಟು ಮನೆ ಹೋಗುವುದು, ಅಷ್ಟೇ. ನೀವು ಎದ್ದು ಹೋದರೂ ಬೇರೆಯವರು ನಿಮ್ಮ ಕಾಯಿ ನಡೆಸಬಹುದು, ಫಲಿತಾಂಶ ಬದಲಾಗುವುದಿಲ್ಲ. ಚೌಕಾಬಾರದಲ್ಲಿ ಹಾಗಲ್ಲ. ಕವಡೆ ಬಿದ್ದು ಮೂರು ಗರ ಬಂತು. ನಾಲ್ಕು ಕಾಯಿಗಳಲ್ಲಿ ಯಾವುದನ್ನು ನಡೆಸುವುದು? ಒಂದನ್ನು ನಡೆಸಿದರೆ ಎದುರಾಳಿಯ ಕಾಯಿ ಕಡಿಯಬಹುದು, ಇನ್ನೊಂದನ್ನು ನಡೆಸಿದರೆ ಕಟ್ಟೆಗೆ ಸೇರಿಸಿ ಉಳಿಸಿಕೊಳ್ಳಬಹುದು. ಅದೃಷ್ಟ ಅರ್ಧ, ತಲೆ ಅರ್ಧ. ಚೌಕಾಬಾರಕ್ಕೆ ದೊಡ್ಡವರೂ ಗಂಟೆಗಟ್ಟಲೆ ಕೂರುವುದು ಇದಕ್ಕೇ.

ಟೆಟ್ರಿಸ್ ಇದೇ ಸುಖವನ್ನು ಗಡಿಯಾರದ ಮುಂದೆ ಕೂರಿಸಿತು. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೊವ್ ಇದನ್ನು ಎಲೆಕ್ಟ್ರೋನಿಕಾ 60 ಎಂಬ ಕಂಪ್ಯೂಟರಿನಲ್ಲಿ ಬರೆದರು. ಅದರಲ್ಲಿ ಚಿತ್ರ ಬರೆಯಲು ಬರುತ್ತಿರಲಿಲ್ಲ, ಆವರಣ ಚಿಹ್ನೆಗಳನ್ನು ಜೋಡಿಸಿ ಚೌಕ ಮಾಡಿದ್ದರು. ಬಣ್ಣವಿಲ್ಲ, ಕಥೆಯಿಲ್ಲ, ಪಾತ್ರವಿಲ್ಲ. ನಾಲ್ಕು ಚೌಕಗಳಿಂದ ಆಗುವ ಏಳು ಆಕಾರಗಳು ಮೇಲಿಂದ ಬೀಳುತ್ತವೆ, ಸಾಲು ತುಂಬಿದರೆ ಅಳಿಸಿಹೋಗುತ್ತದೆ. ಗ್ರಾಫಿಕ್ಸ್ ಜೋರಾಗಿದ್ದರೆ ಗೇಮ್ ಹಿಡಿಸುತ್ತದೆ ಅನ್ನುವ ವಾದಕ್ಕೆ ಇದೊಂದೇ ಉತ್ತರ ಸಾಕು.

ನಿಂಟೆಂಡೊದ ಹಳೆಯ ಟಿವಿ ಗೇಮ್ ಯಂತ್ರಕ್ಕೆ 1989ರಲ್ಲಿ ಬಂದ ಟೆಟ್ರಿಸ್‌ನ ಅಂಕಗಳನ್ನು ನೋಡಿ. ಆರಂಭದ ಹಂತದಲ್ಲಿ ಒಂದು ಸಾಲು ಅಳಿಸಿದರೆ 40, ಒಟ್ಟಿಗೆ ಎರಡಕ್ಕೆ 100, ಮೂರಕ್ಕೆ 300, ನಾಲ್ಕಕ್ಕೆ 1,200. ಒಂದೊಂದಾಗಿ ನಾಲ್ಕು ಸಾಲು ಅಳಿಸಿದವರಿಗೆ ಸಿಗುವುದು 160. ಒಟ್ಟಿಗೆ ಅಳಿಸಿದವರಿಗೆ ಅದರ ಏಳೂವರೆ ಪಟ್ಟು! ಆದರೆ ನಾಲ್ಕನ್ನು ಒಟ್ಟಿಗೆ ಅಳಿಸಲು ನಾಲ್ಕೂ ಚೌಕ ನೇರ ಸಾಲಿನಲ್ಲಿರುವ ಉದ್ದನೆಯ ಕೋಲೇ ಬೇಕು, ಅದಕ್ಕೆ ಮೇಲಿಂದ ಕೆಳಗಿನವರೆಗೆ ಒಂದು ಅಂಕಣ ಖಾಲಿ ಬಿಟ್ಟು ಕಾಯಬೇಕು. ಕಾಯುತ್ತಾ ರಾಶಿ ಮೇಲೇರುತ್ತದೆ. ಈಗ ಮುಚ್ಚಿ ಬಿಡುವುದೋ, ಇನ್ನೊಂದು ಆಕಾರ ನೋಡುವುದೋ? ಈ ಒಂದು ಪ್ರಶ್ನೆಯನ್ನು ಆಟ ಪ್ರತಿ ಎರಡು ಮೂರು ಸೆಕೆಂಡಿಗೊಮ್ಮೆ ಕೇಳುತ್ತದೆ, ಪ್ರತಿ ಸಲವೂ ಸನ್ನಿವೇಶ ಬೇರೆ. ದುರಾಸೆ, ಎಚ್ಚರ ಎರಡೂ ನಿಮ್ಮವೇ, ಹಾಗಾಗಿ ಸೋತಾಗ ಬೈದುಕೊಳ್ಳಲು ಸಿಗುವುದೂ ನೀವೇ.

ಇಲ್ಲೂ ಆಟ ಮರುಮಾತಿನಲ್ಲಿ ಎಡವಬಹುದು. ಆ ಹಳೆಯ ಆವೃತ್ತಿಯಲ್ಲಿ ಮುಂದಿನ ಆಕಾರ ಹೆಚ್ಚುಕಡಿಮೆ ಪೂರ್ತಿ ಅದೃಷ್ಟ. ಕೋಲು ಇಪ್ಪತ್ತು ಮೂವತ್ತು ಆಕಾರ ಕಳೆದರೂ ಬಾರದೆ ಇರಬಹುದು. ಆಡುವವರು ಇದನ್ನು ಬರಗಾಲ ಅಂತಲೇ ಕರೆಯುತ್ತಾರೆ. ಸರಿಯಾಗಿ ಆಡಿಯೂ ಸೋತರೆ ‘ನಾನು ಸತ್ತೆ’ ಅನ್ನುವ ಬದಲು ‘ಕೊಂದುಬಿಟ್ಟ’ ಅನ್ನಿಸುತ್ತದೆ. ನಂತರದ ಆವೃತ್ತಿಗಳು ಏಳೂ ಆಕಾರಗಳನ್ನು ಒಂದು ಚೀಲಕ್ಕೆ ಹಾಕಿ ಕಲಕಿ, ಒಂದೊಂದಾಗಿ ಹೊರತೆಗೆದು, ಚೀಲ ಖಾಲಿಯಾದ ಮೇಲೆ ಮತ್ತೆ ತುಂಬುವ ಪದ್ಧತಿಗೆ ಬಂದವು. ಈಗ ಎರಡು ಕೋಲುಗಳ ನಡುವೆ ಹೆಚ್ಚೆಂದರೆ 12 ಬೇರೆ ಆಕಾರ. ಅದೃಷ್ಟ ಉಳಿಯಿತು, ಅನ್ಯಾಯ ಹೋಯಿತು.

ಅದೇ ಹಳೆಯ ಟೆಟ್ರಿಸ್‌ನ 29ನೇ ಹಂತದಲ್ಲಿ ಆಕಾರ ಪ್ರತಿ ಫ್ರೇಮಿಗೆ ಒಂದು ಮನೆ ಇಳಿಯುತ್ತದೆ. ಬಯಲಿನ ಎತ್ತರ 20 ಮನೆ, ಅಂದರೆ ಮೂರನೇ ಒಂದು ಸೆಕೆಂಡಿನಲ್ಲಿ ತಳ. ಬಟನ್ ಒತ್ತಿ ಹಿಡಿದರೆ ಆಕಾರ 6 ಫ್ರೇಮಿಗೆ ಒಂದು ಅಂಕಣ ಸರಿಯುವುದರಿಂದ ಅಂಚು ಮುಟ್ಟುವ ಮುಂಚೆ ನೆಲ ಬಂದಿರುತ್ತದೆ. ಇದನ್ನೇ ಆಟದ ಕೊನೆ ಎಂದು ದಶಕಗಳ ಕಾಲ ನಂಬಿದ್ದರು. ಆಮೇಲೆ ಆಟಗಾರರು ಬಟನ್ ಹಿಡಿಯುವುದನ್ನು ಬಿಟ್ಟು ಬೆರಳು ನಡುಗಿಸಿ ಬಡಿಯತೊಡಗಿದರು. ಅದಾದ ಮೇಲೆ ಬಟನ್ ಮೇಲೆ ಹೆಬ್ಬೆರಳು ಸುಮ್ಮನೆ ಇಟ್ಟು, ಇನ್ನೊಂದು ಕೈಯ ಬೆರಳುಗಳಿಂದ ಕಂಟ್ರೋಲರ್‌ನ (ಆಡಲು ಕೈಯಲ್ಲಿ ಹಿಡಿಯುವ ಸಾಧನ) ಬೆನ್ನಿಗೆ ತಬಲಾದ ಮೇಲೆ ಬೆರಳಾಡಿಸಿದಂತೆ ಸರಸರನೆ ತಟ್ಟುವ ಕ್ರಮ ಬಂತು. 2023ರ ಡಿಸೆಂಬರ್‌ನಲ್ಲಿ ಅಮೆರಿಕದ 13 ವರ್ಷದ ಹುಡುಗನೊಬ್ಬ 157ನೇ ಹಂತದವರೆಗೆ ಆಡಿ, ಪ್ರೋಗ್ರಾಮೇ ಕೈಚೆಲ್ಲಿ ನಿಂತುಬಿಡುವಂತೆ ಮಾಡಿದ. 34 ವರ್ಷ ಹಳೆಯ ಆಟದಲ್ಲಿ ಮನುಷ್ಯರ ಕೈ ಇನ್ನೂ ಹೊಸದನ್ನು ಕಲಿಯುತ್ತಿತ್ತು.

ಅಣ್ಣನ ಕೈ, ತಮ್ಮನ ಕೈ

ಪ್ರಾಮಾಣಿಕವಾಗಿ ಹೇಳಬೇಕಾದರೆ, ಬಹುಪಾಲು ಗೇಮುಗಳ ಕಥೆ ಸಾಧಾರಣ. ಮನಸ್ಸಿನೊಳಗಿನ ತಳಮಳವನ್ನು ಕಾದಂಬರಿ ಹಿಡಿದಷ್ಟು ಚೆನ್ನಾಗಿ ಅವು ಹಿಡಿದಿಲ್ಲ. ಆದರೆ ಕೆಲವು ಭಾವಗಳು ಗೇಮಿಗೆ ಮಾತ್ರ ಸಾಧ್ಯ, ಏಕೆಂದರೆ ಅವು ಹುಟ್ಟಲು ನೀವೇ ಏನಾದರೂ ಮಾಡಿರಬೇಕು. 2013ರ ‘ಬ್ರದರ್ಸ್: ಎ ಟೇಲ್ ಆಫ್ ಟೂ ಸನ್ಸ್’ ಇದಕ್ಕೆ ಎತ್ತಿದ ಉದಾಹರಣೆ. ಇದನ್ನು ಆಡಬೇಕೆಂದಿರುವವರು ಮುಂದಿನ ಪ್ಯಾರಾ ಬಿಟ್ಟು ಓದಿ, ಕೊನೆ ಹೇಳದೆ ವಿವರಿಸಲು ಬರುವುದಿಲ್ಲ.

ಒಂದೇ ಕಂಟ್ರೋಲರಿನಲ್ಲಿ ಇಬ್ಬರನ್ನು ಆಡಿಸಬೇಕು: ಎಡ ಹೆಬ್ಬೆರಳಿಗೆ ಅಣ್ಣ, ಬಲ ಹೆಬ್ಬೆರಳಿಗೆ ತಮ್ಮ. ಹಿಡಿಯಲು, ಎಳೆಯಲು, ಈಜಲು ಎಡ ಟ್ರಿಗರ್ (ತೋರುಬೆರಳಲ್ಲಿ ಒತ್ತುವ ಬಟನ್) ಅಣ್ಣನದು, ಬಲ ಟ್ರಿಗರ್ ತಮ್ಮನದು. ಪಾತ್ರಗಳ ಭಾಷೆ ಕಲ್ಪಿತ, ಒಂದು ಪದವೂ ತಿಳಿಯುವುದಿಲ್ಲ. ಅವರ ತಾಯಿ ನೀರಲ್ಲಿ ಮುಳುಗಿ ಸತ್ತಿದ್ದಾಳೆ, ತಮ್ಮನಿಗೆ ನೀರೆಂದರೆ ಭಯ; ಹೊಳೆ ಬಂದಾಗಲೆಲ್ಲ ಅಣ್ಣನ ಬೆನ್ನಿಗೆ ಜೋತು ದಾಟುತ್ತಾನೆ. ಕೆಲವು ಗಂಟೆ ಹೀಗೆ ಆಡುವಷ್ಟರಲ್ಲಿ ಎಡಗೈ ಅಂದರೆ ಅಣ್ಣ ಎಂದು ಕೈಗೇ ಅಭ್ಯಾಸವಾಗಿಬಿಡುತ್ತದೆ. ಕೊನೆಯ ಹತ್ತಿರ ಅಣ್ಣ ಸಾಯುತ್ತಾನೆ. ಎಡಗೈಗೆ ಇದ್ದಕ್ಕಿದ್ದಂತೆ ಕೆಲಸವಿಲ್ಲ. ತಮ್ಮ ಒಬ್ಬನೇ ಊರ ದಾರಿ ಹಿಡಿದು ಬಂದರೆ ಎದುರಿಗೆ ತುಂಬಿದ ಹೊಳೆ. ಬಲ ಟ್ರಿಗರ್ ಎಷ್ಟು ಒತ್ತಿದರೂ ಅವನು ನೀರಿಗಿಳಿಯಲು ಹೆದರಿ ಹಿಂದೆ ಸರಿಯುತ್ತಾನೆ. ಏನು ಮಾಡುವುದೆಂದು ತಿಳಿಯದೆ ತಡಕಾಡುತ್ತಾ ಎಡ ಟ್ರಿಗರ್ ಒತ್ತಿದರೆ, ಅಣ್ಣನ ಬಟನ್ ಒತ್ತಿದರೆ, ಅವನು ಈಜುತ್ತಾನೆ. ಒಂದು ಮಾತಿಲ್ಲ. ಅಣ್ಣನ ಧೈರ್ಯ ತಮ್ಮನಿಗೆ ಬಂತೆಂದು ಆಡುವವರ ಬೆರಳಿಗೆ ತಿಳಿಯಿತು. ಇದೇ ದೃಶ್ಯವನ್ನು ಯೂಟ್ಯೂಬಿನಲ್ಲಿ ನೋಡಿದವರಿಗೆ ಒಬ್ಬ ಹುಡುಗ ಹೊಳೆ ದಾಟಿದ, ಅಷ್ಟೇ.

ಜೊತೆ ಮತ್ತು ಲ್ಯಾಗ್

ನಮ್ಮಲ್ಲಿ ಹೆಚ್ಚಿನವರು ಗೇಮಿಗೆ ಬಂದದ್ದು ಫೋನಿನಿಂದ. 2021ರ ಫೆಬ್ರುವರಿಯಲ್ಲಿ ಟಿವಿಗೆ ಜೋಡಿಸಿ ಆಡುವ ಪ್ಲೇಸ್ಟೇಷನ್ 5 ಯಂತ್ರ ಭಾರತಕ್ಕೆ ಬಂದಾಗ ಬೆಲೆ 49,990 ರೂಪಾಯಿ. ಫೋನ್ ಹೇಗೂ ಮನೆಯಲ್ಲಿತ್ತು, 2016ರ ನಂತರ ಡೇಟಾ ಅಗ್ಗವಾಗಿತ್ತು, ಪಬ್‌ಜಿ ಮೊಬೈಲ್‌ಗೆ ಕಾಸು ಕೊಡಬೇಕಿರಲಿಲ್ಲ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. 2021ರ ಜುಲೈನಲ್ಲಿ ಬಿಜಿಎಂಐ ಆಗಿ ಮರಳಿತು. 100 ಜನ ಒಂದು ದ್ವೀಪಕ್ಕೆ ಇಳಿಯುತ್ತಾರೆ, ನಾಲ್ಕು ನಾಲ್ಕು ಜನರ ತಂಡ, ಸುತ್ತಲಿನ ವಲಯ ಕುಗ್ಗುತ್ತಾ ಎಲ್ಲರನ್ನೂ ಒಂದೆಡೆ ನೂಕುತ್ತದೆ.

ಇದರಲ್ಲಿ ತುಂಬಾ ಯೋಚಿಸಿ ಮಾಡಿದ ಭಾಗ ರಿವೈವ್. ಗುಂಡು ತಾಗಿದವನು ಒಮ್ಮೆಲೇ ಸಾಯದೆ ಮೊಣಕಾಲೂರಿ ತೆವಳುತ್ತಾನೆ. ಗೆಳೆಯ ಬಂದು ಪಕ್ಕದಲ್ಲಿ ಕೂತು ಹಲವು ಸೆಕೆಂಡು ಎತ್ತಬೇಕು, ಅಷ್ಟು ಹೊತ್ತೂ ಅವನು ಗುಂಡು ಹಾರಿಸುವಂತಿಲ್ಲ. ಸ್ನೇಹಕ್ಕೆ ಅಪಾಯದ ಬೆಲೆ ಇಟ್ಟ ಹಾಗಾಯಿತು. ಒಬ್ಬ ಬೆಳಗಾವಿಯ ಹಾಸ್ಟೆಲಿನಲ್ಲಿ, ಇನ್ನೊಬ್ಬ ಮುಂಬೈಯ ರೂಮಿನಲ್ಲಿ ಕೂತಿದ್ದರೂ “ಇರು, ಬಂದೆ” ಅನ್ನಲು ಇಲ್ಲಿ ಜಾಗವಿದೆ. ಗೆಳೆಯರ ಫೋನ್ ಮಾತು ಹತ್ತು ನಿಮಿಷಕ್ಕೆ ಬತ್ತಿಹೋಗುತ್ತದೆ. ಒಟ್ಟಿಗೆ ಮಾಡಲು ಕೆಲಸವಿದ್ದರೆ ಮಾತು ತಾನಾಗಿ ಬರುತ್ತದೆ. ಒಟ್ಟಿಗೆ ಭತ್ತದ ನಾಟಿ ಮಾಡುವಾಗ, ಹಪ್ಪಳ ಲಟ್ಟಿಸುವಾಗ ಬರುವಂತೆ.

ಇಲ್ಲಿ ದೊಡ್ಡ ದೂರು: “ನಾನು ಗೋಡೆ ಹಿಂದೆ ಬಂದಾಗಿತ್ತು, ಆದರೂ ಸತ್ತೆ.” ಕಾರಣ ಲ್ಯಾಗ್, ಅಂದರೆ ಸುದ್ದಿ ತಡವಾಗಿ ಮುಟ್ಟುವುದು. ಅದರ ಅಳತೆ ಪಿಂಗ್, ಅಂದರೆ ನಿಮ್ಮ ಫೋನಿನಿಂದ ಸರ್ವರಿಗೆ (ಎಲ್ಲರ ಆಟವನ್ನು ಜೋಡಿಸುವ ಕಂಪ್ಯೂಟರಿಗೆ) ಹೋಗಿ ಬರಲು ಸಂದೇಶಕ್ಕೆ ಹಿಡಿಯುವ ಸಮಯ. ನೀವು ಗೋಡೆ ಮರೆಗೆ ಸರಿದ ಸುದ್ದಿ ಎದುರಾಳಿಯ ಸ್ಕ್ರೀನ್ ಮುಟ್ಟಲು ಅರ್ಧ ನಿಮ್ಮ ಪಿಂಗ್, ಅರ್ಧ ಅವನ ಪಿಂಗ್ ಬೇಕು. ಅಷ್ಟು ಹೊತ್ತು ಅವನಿಗೆ ನೀವು ಇನ್ನೂ ಬಯಲಲ್ಲೇ ಕಾಣುತ್ತೀರಿ. ಅವನು ಹೊಡೆದರೆ, ಬಹಳಷ್ಟು ಶೂಟಿಂಗ್ ಗೇಮುಗಳು ಹೊಡೆದವನ ಕಣ್ಣಿಗೆ ಕಂಡದ್ದನ್ನೇ ಲೆಕ್ಕಕ್ಕೆ ಹಿಡಿಯುತ್ತವೆ. ಪಿಂಗ್ 30–40 ಮಿಲಿಸೆಕೆಂಡಿದ್ದರೆ ಇದು ಗೊತ್ತೇ ಆಗುವುದಿಲ್ಲ, 150 ದಾಟಿದರೆ ಪ್ರತಿ ಸಾವೂ ಅನ್ಯಾಯ ಅನ್ನಿಸುತ್ತದೆ. ವೈಫೈ ಆದರೆ ರೂಟರ್ ಇರುವ ಕೋಣೆಯಲ್ಲೇ ಕೂತು 5 ಗಿಗಾಹರ್ಟ್ಸ್ ಜಾಲಕ್ಕೆ ಸೇರಿ, ಹಿಂದೆ ಓಡುವ ಡೌನ್‌ಲೋಡ್ ನಿಲ್ಲಿಸಿ. ಫೋನ್ ಬಿಸಿಯಾದರೆ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಅದಕ್ಕೆ ಚಾರ್ಜಿಗೆ ಹಾಕಿಕೊಂಡು ಆಡಬೇಡಿ, ಗ್ರಾಫಿಕ್ಸ್ ಇಳಿಸಿ ಫ್ರೇಮ್ ರೇಟ್ ಏರಿಸಿ. ಚಂದಕ್ಕಿಂತ ಸ್ಥಿರತೆ ಮೇಲು.

ಸೆಳೆತ ಕಲಬೆರಕೆಯಾದಾಗ

ಇಷ್ಟೂ ಹೊತ್ತು ಹೇಳಿದ್ದು ಆಟದ ಸ್ವಂತ ಸೆಳೆತ. ಅದರ ಪಕ್ಕದಲ್ಲೇ ಇನ್ನೊಂದನ್ನು ಕಟ್ಟುವ ಕಂಪನಿಗಳಿವೆ: ದಿನಾ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ಸರಣಿ ಕಡಿತ, ದುಡ್ಡು ಕೊಟ್ಟು ತೆರೆಯುವ ಅದೃಷ್ಟದ ಪೆಟ್ಟಿಗೆ. ಪೆಟ್ಟಿಗೆಯ ಲೆಕ್ಕ ತಿಳಿದಿರುವುದು ಒಳ್ಳೆಯದು. ಬೇಕಾದ ವಸ್ತು ಸಿಗುವ ಸಾಧ್ಯತೆ ಶೇ 1 ಎಂದಿದ್ದರೆ 100 ಪೆಟ್ಟಿಗೆ ತೆರೆದರೆ ಖಂಡಿತ ಸಿಗುತ್ತದೆ ಎಂದು ಮಕ್ಕಳು ಅಂದುಕೊಳ್ಳುತ್ತಾರೆ. ನಿಜದಲ್ಲಿ ಸಿಗುವ ಸಾಧ್ಯತೆ ಸುಮಾರು ಶೇ 63. ಹಾಗೆ ನೂರು ಪೆಟ್ಟಿಗೆ ತೆರೆದ ಪ್ರತಿ 100 ಜನರಲ್ಲಿ ಸುಮಾರು 37 ಜನರ ಕೈ ಖಾಲಿ. ಪೆಟ್ಟಿಗೆಗೆ 50 ರೂಪಾಯಿ ಅಂದುಕೊಂಡರೂ 5,000 ರೂಪಾಯಿ ಹೋಗಿರುತ್ತದೆ. ಯಾವಾಗ ಬರುತ್ತದೆಂದು ತಿಳಿಯದ ಬಹುಮಾನಕ್ಕೆ ಪ್ರಾಣಿಗಳು ಬಿಡದೆ ಸನ್ನೆಕೋಲು ಒತ್ತುತ್ತಲೇ ಇರುವುದನ್ನು ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಬಹಳ ಹಿಂದೆಯೇ ತೋರಿಸಿದ್ದರು. ಇಲ್ಲಿ ಕೌಶಲಕ್ಕೆ ಕೆಲಸವಿಲ್ಲ. ಹಾವು ಏಣಿಗೆ ಹಣ ಕಟ್ಟಿದಂತೆ.

ಎರಡನ್ನೂ ಬೇರೆ ಮಾಡಲು ಒಂದು ಪರೀಕ್ಷೆ ಇದೆ. ಒಂದು ವಾರ ಆ ಗೇಮ್ ಬಿಟ್ಟು ಮರಳಿದಾಗ ಏನು ಕಳೆದಿರುತ್ತದೆ? ಸ್ವಲ್ಪ ಕೈಚಳಕ ಮಾತ್ರ ಕಳೆದಿದ್ದರೆ ಅದು ಆಟ. ಸರಣಿ, ನಾಣ್ಯ, ‘ಇಂದೇ ಕೊನೆ’ ಎಂಬ ಕೊಡುಗೆ ಕಳೆದಿದ್ದರೆ ಯಾರೋ ನಿಮ್ಮ ಹಾಜರಿ ತೆಗೆದುಕೊಳ್ಳುತ್ತಿದ್ದಾರೆ ಎಂದರ್ಥ.

ತುಂಬಾ ಆಡುವುದೆಲ್ಲ ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ 2022ರ ಜನವರಿ 1ರಿಂದ ಜಾರಿಯಲ್ಲಿರುವ ‘ಗೇಮಿಂಗ್ ಡಿಸಾರ್ಡರ್’ ಗಂಟೆಗಳ ಲೆಕ್ಕ ಕೇಳುವುದಿಲ್ಲ. ಅದು ಕೇಳುವುದು ಮೂರು: ಆಟದ ಮೇಲೆ ಹಿಡಿತ ತಪ್ಪಿದೆಯೇ, ಬೇರೆಲ್ಲ ಕೆಲಸ–ಆಸಕ್ತಿಗಳನ್ನು ಆಟ ಹಿಂದೆ ತಳ್ಳಿದೆಯೇ, ಕೆಡುಕು ಕಾಣುತ್ತಿದ್ದರೂ ಮುಂದುವರಿದಿದೆಯೇ. ಇದು ಸಾಮಾನ್ಯವಾಗಿ 12 ತಿಂಗಳಾದರೂ ಇದ್ದು ಓದು, ಮನೆ, ಕೆಲಸಕ್ಕೆ ಪೆಟ್ಟು ಬಿದ್ದಿರಬೇಕು. ಹಾಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ನಡೆಯುತ್ತಿರುವ ‘ಶಟ್’ ಕ್ಲಿನಿಕ್ ಇಂಥವರಿಗಾಗಿಯೇ ಇದೆ.

ಅಲ್ಲಿಯವರೆಗೆ ಹೋಗದ, ಮನೆಮನೆಯ ಜಗಳಕ್ಕೆ ಕಾರಣ ಇನ್ನೂ ಸರಳ. “ಊಟಕ್ಕೆ ಬಾ, ಪಾಜ್ ಮಾಡಿ ಬಾ” ಎಂದು ಅಮ್ಮ ಕರೆಯುತ್ತಾರೆ. ಮಾರಿಯೋಗೆ, ಸೆಲೆಸ್ಟ್‌ಗೆ ಪಾಜ್ ಇದೆ, ಅಂದರೆ ಆಟವನ್ನು ನಡುವೆ ನಿಲ್ಲಿಸಿಟ್ಟು ಆಮೇಲೆ ಮುಂದುವರಿಸಬಹುದು. ಬಿಜಿಎಂಐಗೆ ಇಲ್ಲ: ಇನ್ನೂ 99 ಜನ ಆಡುತ್ತಿದ್ದಾರೆ. ದೊಡ್ಡ ಮ್ಯಾಪಿನ ಒಂದು ಮ್ಯಾಚ್ ಕೊನೆಯವರೆಗೆ ಹೋದರೆ ಸುಮಾರು ಅರ್ಧ ಗಂಟೆ. ನಡುವೆ ಎದ್ದರೆ ಮೂವರು ಗೆಳೆಯರನ್ನು ಗುಂಡಿನ ನಡುವೆ ಬಿಟ್ಟು ಹೋದಂತೆ, ರ್‍ಯಾಂಕ್ ಕೂಡ ಇಳಿಯಬಹುದು. “ಒಂದು ನಿಮಿಷ ಅಮ್ಮಾ” ಅನ್ನುವ ಹುಡುಗ ಸುಳ್ಳು ಹೇಳುತ್ತಿಲ್ಲ, ಎಷ್ಟು ನಿಮಿಷ ಎಂದು ಅವನಿಗೇ ಗೊತ್ತಿಲ್ಲ. ಹಾಗಾಗಿ ಗಡಿಯಾರದ ಬದಲು ಮ್ಯಾಚಿನ ಲೆಕ್ಕದಲ್ಲಿ ಒಪ್ಪಂದ ಮಾಡಿಕೊಳ್ಳಿ: ಇವತ್ತು ಎರಡು ಮ್ಯಾಚ್. ಎಂಟೂವರೆಗೆ ಊಟ ಅಂದರೆ ಎಂಟರ ಮೇಲೆ ಹೊಸ ಮ್ಯಾಚ್ ಶುರು ಮಾಡುವಂತಿಲ್ಲ. ಮ್ಯಾಚ್ ಮುಗಿದು ಲಾಬಿಗೆ (ಮ್ಯಾಚಿಗೆ ಮುಂಚಿನ ಸ್ಕ್ರೀನಿಗೆ) ಮರಳಿ, ಇನ್ನೂ ‘ಸ್ಟಾರ್ಟ್’ ಒತ್ತಿರದ ಆ ಕ್ಷಣದಲ್ಲಿ ಕರೆಯಿರಿ.